ಗಳಗನಾಥರು (1869–1942)

ಗಳಗನಾಥ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ ಜನಿಸಿದರು. ಕೆಲಕಾಲ ಶಿಕ್ಷಕರಾಗಿ ಸೇವೆ ಸಲ್ಲಿಸಿದ ಇವರು, ನಿಶ್ಚಿತ ವೇತನದ ಆ ವೃತ್ತಿಯನ್ನು ತ್ಯಜಿಸಿ ಬರವಣಿಗೆಯನ್ನೇ ಜೀವನಾಧಾರವನ್ನಾಗಿ ಮಾಡಿಕೊಂಡರು.

ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಮರಾಠಿಯ ಪ್ರಭಾವ ಹೆಚ್ಚಾಗಿದ್ದು, ಕನ್ನಡ ಪುಸ್ತಕಗಳನ್ನು ಕೊಂಡು ಓದುವವರು ವಿರಳವಾಗಿದ್ದರು. ಆದುದರಿಂದ ಗಳಗನಾಥರು ರಚನೆಯೊಂದಿಗೆ ಪ್ರಕಟಣೆ ಹಾಗೂ ಮಾರಾಟದ ಹೊಣೆಯನ್ನೂ ತಾವೇ ವಹಿಸಿಕೊಂಡರು. 1907ರಲ್ಲಿ ಅಗಡಿಯ ಆನಂದವನದಿಂದ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕರಾಗಿ, ಅದರಲ್ಲಿ ತಮ್ಮ ಕಾದಂಬರಿಗಳನ್ನು ಕಂತುಗಳಲ್ಲಿ ಪ್ರಕಟಿಸಿದರು. ಮುಂದಿನ ಕಂತಿಗಾಗಿ ಕಾಯುವ ಚಂದಾದಾರರು ಪತ್ರಿಕೆಗೂ ಲೇಖಕರಿಗೂ ಆಧಾರವಾದರು. ಅಲ್ಲದೆ, ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಸಂಚರಿಸಿ ಮಾರಾಟ ಮಾಡಿದರು.

ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಇವರು, ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾ ವಿಲಾಸ’ ಎಂಬ ಸ್ವತಂತ್ರ ಕಾದಂಬರಿಯನ್ನು ರಚಿಸಿದರು.

ಇಷ್ಟು ದುಡಿದರೂ ಆರ್ಥಿಕ ಮುಗ್ಗಟ್ಟು ಅವರನ್ನು ಬಿಡಲಿಲ್ಲ. 1942ರಲ್ಲಿ ಅವರು ನಿಧನ ಹೊಂದಿದರು. ಬರವಣಿಗೆಯಿಂದ ಅವರು ಸಂಪತ್ತನ್ನು ಗಳಿಸಲಿಲ್ಲ. ಆದರೆ ಅವರು ಬೆಳೆಸಿದ ಓದುಗ ವರ್ಗವು ಮುಂದಿನ ಪೀಳಿಗೆಯ ಕನ್ನಡ ಕಾದಂಬರಿಕಾರರಿಗೆ ಆಸರೆಯಾಯಿತು.