ಆಂಡ್ರಿಯಾಸ್ ವೆಸಾಲಿಯಸ್: ಹೊಟ್ಟೆಯ ಸ್ನಾಯುಗಳನ್ನು ಕಣ್ಣಾರೆ ಕಂಡು ಬರೆದವರು

ಆಂಡ್ರಿಯಾಸ್ ವೆಸಾಲಿಯಸ್ 1514ರ ಡಿಸೆಂಬರ್ 31ರಂದು ಈಗಿನ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಜನಿಸಿದರು. ತಂದೆ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಆಸ್ಥಾನದಲ್ಲಿ ಔಷಧ ತಯಾರಕರಾಗಿದ್ದರು. ಲೂವೆನ್‌ನಲ್ಲಿ ಓದಿದ ಮಗ, ವೈದ್ಯಶಾಸ್ತ್ರ ಕಲಿಯಲು ಪ್ಯಾರಿಸ್‌ಗೆ ಹೋದರು.

ಆ ಕಾಲದಲ್ಲಿ ವೈದ್ಯರಿಗೆ ಗ್ಯಾಲನ್ ಹೇಳಿದ್ದೇ ಕೊನೆಯ ಮಾತು. ನಮ್ಮ ಯುನಾನಿ ಹಕೀಮರು ಜಾಲೀನೂಸ್ ಎನ್ನುವುದು ಇವರನ್ನೇ. 2ನೆಯ ಶತಮಾನದ ಈ ಗ್ರೀಕ್ ವೈದ್ಯರು ಮನುಷ್ಯರ ಶವ ಕೊಯ್ಯುವ ಅವಕಾಶವಿಲ್ಲದೆ ಮಂಗ, ಹಂದಿಗಳನ್ನು ಕೊಯ್ದು ನೋಡಿ ಬರೆದಿದ್ದರು. ಹೀಗೆ ಬರೆದದ್ದೇ ಸುಮಾರು 1300 ವರ್ಷ ಪಾಠವಾಗಿ ನಡೆಯಿತು. ಪ್ರಾಧ್ಯಾಪಕರು ಎತ್ತರದ ಪೀಠದಲ್ಲಿ ಕುಳಿತು ಗ್ರಂಥ ಓದುವರು, ಕೆಳಗೆ ಕ್ಷೌರಿಕನೊಬ್ಬ ಶವ ಕೊಯ್ಯುವನು. ಎರಡಕ್ಕೂ ತಾಳೆಯಾಗದಿದ್ದರೆ ಕೇಳುವವರಿಲ್ಲ. (ಇಂಥ ಪಾಠ ನಮ್ಮ ತರಗತಿಗಳಲ್ಲಿ ಪೂರ್ತಿ ನಿಂತಿದೆಯೆಂದು ನಾನು ಹೇಳಲಾರೆ.) ಗ್ಯಾಲನ್‌ರ ತಪ್ಪು ಯಾರಿಗೂ ಕಂಡಿರಲಿಲ್ಲವೆಂದಲ್ಲ. 1200ರ ಸುಮಾರಿಗೆ ಈಜಿಪ್ಟಿನಲ್ಲಿ ಬರಗಾಲದಿಂದ ಸತ್ತವರ ಎಲುಬುಗಳನ್ನು ಪರೀಕ್ಷಿಸಿದ ಅಬ್ದುಲ್ ಲತೀಫ್ ಅಲ್ ಬಗ್ದಾದಿಯವರು, ಕೆಳದವಡೆ ಗ್ಯಾಲನ್ ಹೇಳಿದಂತೆ ಎರಡಲ್ಲ, ಒಂದೇ ಎಲುಬು ಎಂದು ಬರೆದಿದ್ದರು.

1537ರಲ್ಲಿ ವೆಸಾಲಿಯಸ್ ಅಲ್ ರಾಝಿಯವರ ಮನ್ಸೂರಿ ಗ್ರಂಥದ ಒಂಬತ್ತನೆಯ ಭಾಗವನ್ನು ಲ್ಯಾಟಿನ್‌ನಲ್ಲಿ ತಿದ್ದಿ ಪ್ರಕಟಿಸಿದರು. ಅದೇ ವರ್ಷ, 23 ತುಂಬುವ ಮೊದಲೇ, ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಅಲ್ಲೇ ಅಧ್ಯಾಪಕರಾದರು. ಪೀಠದಿಂದ ಇಳಿದು ತಾವೇ ಚಾಕು ಹಿಡಿದರು. ಆದರೂ ಹಳೆಯ ಓದು ಬೇಗ ಬಿಡಲಿಲ್ಲ. 1538ರ ಅವರ ಚಿತ್ರಗಳಲ್ಲಿ ಮನುಷ್ಯನ ಯಕೃತ್ತಿಗೆ ಗ್ಯಾಲನ್ ಹೇಳಿದ ಐದು ಹಾಲೆಗಳೇ ಇವೆ!

1543ರಲ್ಲಿ ಬಾಸೆಲ್ ನಗರದಲ್ಲಿ ಅವರ ಮಹಾಗ್ರಂಥ ಅಚ್ಚಾಯಿತು. ಮಾನವ ದೇಹದ ರಚನೆಯನ್ನು ಕುರಿತ ಏಳು ಭಾಗಗಳ ಆ ಗ್ರಂಥದಲ್ಲಿ ಎರಡನೆಯದು ಸ್ನಾಯುಗಳಿಗೆ ಮೀಸಲು. ಚರ್ಮ ಸುಲಿದ ಮನುಷ್ಯ ಬೆಟ್ಟಗುಡ್ಡಗಳ ಮುಂದೆ ನಿಂತಿರುವ ಚಿತ್ರಗಳು ಅದರಲ್ಲಿವೆ. ಪುಟ ತಿರುವಿದಂತೆ ಸ್ನಾಯುಗಳು ಪದರಪದರವಾಗಿ ಕಳಚುತ್ತವೆ. ಹೊಟ್ಟೆಯನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಏಕೆಂದರೆ ಹೊಟ್ಟೆಯ ಗೋಡೆಯಲ್ಲಿ ಎಲುಬಿನ ಗೂಡಿಲ್ಲ. ಅದನ್ನು ಕಾಯುವುದು ಸ್ನಾಯುಗಳೇ. ಎರಡೂ ಪಕ್ಕಗಳಲ್ಲಿ ಮೂರು ಮೂರು ಪದರಗಳಿವೆ. ಹೊರಗಿನದರ ಎಳೆಗಳು, ಜೇಬಿಗೆ ಕೈ ಹಾಕಿದಾಗ ಬೆರಳುಗಳು ಇಳಿಯುವಂತೆ, ಮುಂದಕ್ಕೆ ಓರೆಯಾಗಿ ಇಳಿಯುತ್ತವೆ. ನಡುವಿನದರ ಎಳೆಗಳು ಹೆಚ್ಚಾಗಿ ಅದಕ್ಕೆ ಅಡ್ಡಲಾಗಿ ಮೇಲಕ್ಕೆ ಹೋಗುತ್ತವೆ. ಒಳಗಿನದು ನಡುಪಟ್ಟಿಯಂತೆ ಸುತ್ತುತ್ತದೆ. ಪ್ಲೈವುಡ್‌ಗೆ ಬಲ ಬರುವುದೂ ಹೀಗೆಯೇ. ಮುಂದೆ, ನಡುಗೆರೆಯ ಎರಡೂ ಬದಿಗೆ, ನೇರ ಸ್ನಾಯು ಮೇಲಿನಿಂದ ಕೆಳಗೆ ಇಳಿದಿದೆ. ಇಂದಿನ ಯುವಕರು ಸಿಕ್ಸ್ ಪ್ಯಾಕ್ ಎನ್ನುವುದು ಇದನ್ನೇ! ಬಗ್ಗುವುದು, ತಿರುಗುವುದು ಇವುಗಳಿಂದ. ಎಲ್ಲವೂ ಒಟ್ಟಿಗೆ ಬಿಗಿದಾಗ ಒಳಗಿನ ಒತ್ತಡ ಏರುತ್ತದೆ. ಕೆಮ್ಮು, ವಾಂತಿ, ಮಲವಿಸರ್ಜನೆ, ಹೆರಿಗೆ ಎಲ್ಲಕ್ಕೂ ಈ ಒತ್ತಡ ಬೇಕು.

ಈ ನೇರ ಸ್ನಾಯು ಮನುಷ್ಯನಲ್ಲಿ 5, 6, 7ನೆಯ ಪಕ್ಕೆಲುಬುಗಳ ಮೃದ್ವಸ್ಥಿಯವರೆಗೆ ಬಂದು ನಿಲ್ಲುತ್ತದೆ. ಮಂಗಗಳಲ್ಲಿ ಎದೆಯ ಮೇಲೂ ಏರಿ ಹೋಗುತ್ತದೆ. ವೆಸಾಲಿಯಸ್ ಒಂದು ಚಿತ್ರದಲ್ಲಿ ಬೇಕೆಂದೇ ಮಂಗನ ರೀತಿಯ ಸ್ನಾಯುವನ್ನು ಮನುಷ್ಯನ ಎದೆಗೆ ಏರಿಸಿ, ಇದು ಮನುಷ್ಯನಲ್ಲಿಲ್ಲ, ಗ್ಯಾಲನ್ ಕಂಡದ್ದು ಇದು ಎಂದು ವಿವರಿಸಿದರು. ಗುರುವನ್ನು ನಿಂದಿಸದೆ ತಪ್ಪಿನ ಮೂಲವನ್ನೇ ತೋರಿಸಿದ ಈ ಜಾಣ್ಮೆ ನನಗೆ ಬಹಳ ಹಿಡಿಸಿದೆ.

ಪ್ಯಾರಿಸ್‌ನ ಹಳೆಯ ಗುರು ಸಿಲ್ವಿಯಸ್‌ಗೆ ಮಾತ್ರ ಇದು ಹಿಡಿಸಲಿಲ್ಲ. ಗ್ಯಾಲನ್ ತಪ್ಪಿಲ್ಲ, ಅಂದಿನಿಂದ ಇಂದಿಗೆ ಮನುಷ್ಯರ ದೇಹವೇ ಬದಲಾಗಿದೆ ಎಂದು ಅವರು ವಾದಿಸಿದರು. 1551ರಲ್ಲಿ ಶಿಷ್ಯನನ್ನು ಹುಚ್ಚನೆಂದು ಹೀಯಾಳಿಸಿ ಪುಸ್ತಕವನ್ನೇ ಬರೆದರು. ಅಷ್ಟರಲ್ಲಿ ವೆಸಾಲಿಯಸ್ ಪಾದುವಾ ಬಿಟ್ಟು ಚಕ್ರವರ್ತಿಯ ವೈದ್ಯರಾಗಿದ್ದರು. ಆಸ್ಥಾನಕ್ಕೆ ಹೊರಡುವಾಗ ಗ್ಯಾಲನ್ ಮೇಲಿನ ತಮ್ಮ ಟಿಪ್ಪಣಿಗಳನ್ನೂ ಅಲ್ ರಾಝಿ ಕುರಿತ ಬರಹವನ್ನೂ ಸುಟ್ಟುಹಾಕಿದ್ದರು. ಮಹಾಗ್ರಂಥವನ್ನು ತಿದ್ದಿ 1555ರಲ್ಲಿ ಎರಡನೆಯ ಮುದ್ರಣ ತಂದರು.

1564ರಲ್ಲಿ ಜೆರುಸಲೇಮ್ ಯಾತ್ರೆ ಮುಗಿಸಿ ಮರಳುವಾಗ ಗ್ರೀಸ್‌ನ ಝಾಂಟೆ ದ್ವೀಪದಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 49.