ಮಹಿಳಾ ಕ್ರೀಡಾ ಸಂಘಟನೆಯ ಆದ್ಯ ನೇತಾರೆ: ಆಲಿಸ್ ಮಿಲಿಯಾ

ಕ್ರೀಡೆಯ ಇತಿಹಾಸವನ್ನು ಸಾಮಾನ್ಯವಾಗಿ ಗೆದ್ದವರ ಹೆಸರುಗಳ ಮೂಲಕ, ಮುರಿದುಬಿದ್ದ ದಾಖಲೆಗಳ ಮೂಲಕ ಬರೆಯಲಾಗುತ್ತದೆ. ಆದರೆ ಒಂದು ಸ್ಪರ್ಧೆ ನಡೆಯುವ ಮೊದಲೇ ಅದರಲ್ಲಿ ಯಾರು ಪಾಲ್ಗೊಳ್ಳಬಹುದು, ಅದರ ನಿಯಮಗಳನ್ನು ಯಾರು ರೂಪಿಸಬೇಕು, ತೀರ್ಪನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗಳು ಇತ್ಯರ್ಥವಾಗಿರುತ್ತವೆ. ಈ ಪ್ರಶ್ನೆಗಳನ್ನು ಮಹಿಳೆಯರ ಪರವಾಗಿ ಎತ್ತಿ, ಅವಕ್ಕೆ ಉತ್ತರ ದೊರೆಯದಿದ್ದಾಗ ಸ್ವತಃ ಸಂಸ್ಥೆಗಳನ್ನು ಕಟ್ಟಿ ಉತ್ತರಿಸಿದವರು ಫ್ರಾನ್ಸಿನ ಆಲಿಸ್ ಮಿಲಿಯಾ. ಆಕೆ ಒಲಿಂಪಿಕ್ ಪದಕ ಗೆದ್ದವರಲ್ಲ. ಆದರೂ ಒಲಿಂಪಿಕ್ಸ್‌ನ ಓಟದ ಪಥದಲ್ಲಿ ಇಂದು ಹೆಜ್ಜೆಯಿಡುವ ಪ್ರತಿಯೊಬ್ಬ ಮಹಿಳೆಯೂ ಆಕೆಯ ಋಣದಲ್ಲಿದ್ದಾಳೆ.

ಆಲಿಸ್ ಹುಟ್ಟಿದ್ದು 1884ರ ಮೇ 5ರಂದು, ಪಶ್ಚಿಮ ಫ್ರಾನ್ಸಿನ ನಾಂತ್ ನಗರದಲ್ಲಿ. ತವರಿನ ಮನೆತನದ ಹೆಸರು ಮಿಲಿಯೋಂ. ಇಪ್ಪತ್ತರ ಹರೆಯದಲ್ಲಿ ಆಕೆ ಇಂಗ್ಲೆಂಡಿಗೆ ಹೋದರು. 1904ರಲ್ಲಿ, ನಾಂತ್‌ನವರೇ ಆದ ಜೋಸೆಫ್ ಮಿಲಿಯಾ ಅವರೊಡನೆ ಅಲ್ಲಿ ವಿವಾಹವಾಯಿತು. ದಾಂಪತ್ಯ ಬಹುಕಾಲ ಉಳಿಯಲಿಲ್ಲ. 1908ರಲ್ಲಿ ಪತಿ ತೀರಿಕೊಂಡಾಗ ಆಲಿಸ್‌ಗೆ ಕೇವಲ 24 ವರ್ಷ, ಮಕ್ಕಳಿರಲಿಲ್ಲ. ಭಾಷೆಗಳ ಪರಿಜ್ಞಾನವೇ ಜೀವನೋಪಾಯಕ್ಕೆ ಆಧಾರವಾಗಿ, ಆಕೆ ಅನುವಾದಕಿಯಾಗಿ ದುಡಿದರು. ಮುಂದೆ ಅಂತಾರಾಷ್ಟ್ರೀಯ ಸಭೆಗಳಲ್ಲಿ ದುಭಾಷಿಯ ಹಂಗಿಲ್ಲದೆ ವಾದಿಸಲು ಇದೇ ಪರಿಜ್ಞಾನ ನೆರವಾಯಿತು. ಇಂಗ್ಲೆಂಡಿನಲ್ಲಿ ಆಕೆಗೆ ದೊರೆತ ಇನ್ನೊಂದು ಸಂಪತ್ತೆಂದರೆ ಕ್ರೀಡೆಯ ಒಲವು. ದೋಣಿಗೆ ಹುಟ್ಟುಹಾಕುವುದು ಆಕೆಯ ಪ್ರಿಯವಾದ ಆಟ. ಫ್ರಾನ್ಸಿಗಿಂತ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ಆಟೋಟಗಳಿಗೆ ಹೆಚ್ಚಿನ ಅವಕಾಶವಿದ್ದುದನ್ನು ಆಕೆ ಕಣ್ಣಾರೆ ಕಂಡಿದ್ದರು.

ಸ್ವದೇಶಕ್ಕೆ ಮರಳಿದ ಆಲಿಸ್ ಪ್ಯಾರಿಸ್ಸಿನ ಫೆಮಿನಾ ಸ್ಪೋರ್ಟ್ ಎಂಬ ಮಹಿಳಾ ಕ್ರೀಡಾಸಂಘವನ್ನು ಸೇರಿದರು. 1915ರಲ್ಲಿ ಅದರ ಅಧ್ಯಕ್ಷೆಯಾದರು. ಅದು ಮೊದಲ ಮಹಾಯುದ್ಧದ ಕಾಲ. ಗಂಡಸರು ರಣರಂಗದಲ್ಲಿದ್ದರು, ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ಅವರ ಕೆಲಸವನ್ನು ಹೆಂಗಸರು ವಹಿಸಿಕೊಂಡಿದ್ದರು. ದಿನವಿಡೀ ಯಂತ್ರದ ಮುಂದೆ ನಿಂತು ದುಡಿಯಬಲ್ಲ ಹೆಣ್ಣಿಗೆ ಮೈದಾನದಲ್ಲಿ ಓಡುವ ಶಕ್ತಿಯಿಲ್ಲವೆಂಬ ವಾದ ತನ್ನಷ್ಟಕ್ಕೆ ತಾನೇ ಸಡಿಲಗೊಳ್ಳತೊಡಗಿತ್ತು. 1917ರ ಕೊನೆಯಲ್ಲಿ ಫ್ರಾನ್ಸಿನ ಮಹಿಳಾ ಕ್ರೀಡಾಸಂಘಗಳ ಒಕ್ಕೂಟ ಸ್ಥಾಪನೆಯಾಯಿತು. ಮಹಿಳೆಯರ ಈ ಒಕ್ಕೂಟದಲ್ಲಿಯೂ ಅಧ್ಯಕ್ಷಪೀಠ ಮೊದಲು ಪುರುಷರ ಪಾಲಿಗೇ ಹೋದುದು ಗಮನಾರ್ಹ. ಆಲಿಸ್ ಕೋಶಾಧಿಕಾರಿಯಾಗಿ ಆರಂಭಿಸಿ, 1918ರಲ್ಲಿ ಕಾರ್ಯದರ್ಶಿಯಾಗಿ, 1919ರಲ್ಲಿ ಅಧ್ಯಕ್ಷೆಯಾದರು. ಲೆಕ್ಕಪತ್ರ, ಪತ್ರವ್ಯವಹಾರ, ಸ್ಪರ್ಧೆಗಳ ವೇಳಾಪಟ್ಟಿ ಮುಂತಾದ ನೀರಸವೆನಿಸುವ ಕೆಲಸಗಳ ಮೂಲಕವೇ ಆಕೆ ನಾಯಕತ್ವಕ್ಕೆ ಏರಿದರು. ಮಹಿಳಾ ಕ್ರೀಡೆಯ ಆಡಳಿತ ಮಹಿಳೆಯರ ಕೈಯಲ್ಲೇ ಇರಬೇಕೆಂಬ ಆಕೆಯ ನಿಲುವು ಈ ಅನುಭವದಿಂದ ಗಟ್ಟಿಯಾದುದು.

ಆ ಹೊತ್ತಿಗೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಸಂಪೂರ್ಣವಾಗಿ ಅಪರಿಚಿತರೇನಲ್ಲ. 1900ರ ಪ್ಯಾರಿಸ್ ಕ್ರೀಡಾಕೂಟದ ಸುಮಾರು ಸಾವಿರ ಸ್ಪರ್ಧಿಗಳಲ್ಲಿ 22 ಮಂದಿ ಮಹಿಳೆಯರಿದ್ದರು. ಟೆನಿಸ್, ಗಾಲ್ಫ್, ಮುಂದೆ ಈಜು ಇವುಗಳಲ್ಲಿ ಅವರಿಗೆ ಪ್ರವೇಶ ದೊರೆತಿತ್ತು. ಆದರೆ ಒಲಿಂಪಿಕ್ಸ್‌ನ ಹೃದಯವೆನಿಸಿದ ಓಟ, ಜಿಗಿತ, ಎಸೆತಗಳ ಅಥ್ಲೆಟಿಕ್ಸ್ ವಿಭಾಗ ಮಾತ್ರ ಅವರಿಗೆ ನಿಷಿದ್ಧವಾಗಿತ್ತು. ಆಧುನಿಕ ಒಲಿಂಪಿಕ್ಸ್‌ನ ಸ್ಥಾಪಕರಾದ ಬ್ಯಾರನ್ ಪಿಯರ್ ಡಿ ಕೂಬರ್ತಾಂ ಮಹಿಳೆಯರ ಸ್ಪರ್ಧೆಯನ್ನು ಬಹಿರಂಗವಾಗಿಯೇ ವಿರೋಧಿಸಿದವರು. ಗೆದ್ದ ಪುರುಷರಿಗೆ ಕಿರೀಟ ತೊಡಿಸುವುದೇ ಅಲ್ಲಿ ಹೆಣ್ಣಿನ ಪಾತ್ರವೆಂಬುದು ಅವರ ಅಭಿಪ್ರಾಯವಾಗಿತ್ತು. ಹೆಚ್ಚು ಶ್ರಮದ ಆಟಗಳು ತಾಯ್ತನಕ್ಕೆ ಹಾನಿಕರವೆಂದು ಹೇಳುವ ವೈದ್ಯರೂ ಇದ್ದರು. 1920ರ ಆಂಟ್ವರ್ಪ್ ಕ್ರೀಡಾಕೂಟದಲ್ಲಿ ಮಹಿಳೆಯರ ಅಥ್ಲೆಟಿಕ್ಸ್‌ಗೆ ಅವಕಾಶ ಕೊಡಬೇಕೆಂದು ಆಲಿಸ್ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯನ್ನು 1919ರಲ್ಲಿ ಕೇಳಿಕೊಂಡರು. ಬೇಡಿಕೆ ತಿರಸ್ಕೃತವಾಯಿತು.

ಬಾಗಿಲ ಮುಂದೆ ಕಾಯುತ್ತ ನಿಲ್ಲುವ ಸ್ವಭಾವ ಆಕೆಯದಲ್ಲ. 1920ರ ವಸಂತದಲ್ಲಿ ಆಕೆ ಫ್ರೆಂಚ್ ಮಹಿಳಾ ಫುಟ್‌ಬಾಲ್ ತಂಡವೊಂದನ್ನು ಇಂಗ್ಲೆಂಡಿಗೆ ಕರೆದೊಯ್ದರು. ಎದುರಾಳಿಗಳು ಪ್ರೆಸ್ಟನ್ನಿನ ಕಾರ್ಖಾನೆಯ ಕೆಲಸಗಾರ ಹೆಣ್ಣುಮಕ್ಕಳಿಂದ ಕೂಡಿದ, ಡಿಕ್ ಕರ್ ಎಂಬ ಹೆಸರಾಂತ ತಂಡ. ಮೊದಲ ಪಂದ್ಯ ನೋಡಲು ಸುಮಾರು 25,000 ಜನ ನೆರೆದರು. ಮಹಿಳೆಯರ ಆಟವನ್ನು ನೋಡುವವರಿಲ್ಲ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಸಮಾಧಾನ ಬೇಕಿರಲಿಲ್ಲ. ಆದರೆ 1921ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ತನ್ನ ಸದಸ್ಯ ಸಂಘಗಳ ಮೈದಾನಗಳಲ್ಲಿ ಮಹಿಳೆಯರು ಆಡಕೂಡದೆಂದು ನಿಷೇಧ ಹೇರಿತು. ಮೈದಾನ ಯಾರ ಒಡೆತನದಲ್ಲಿದೆಯೋ ಆಟದ ಭವಿಷ್ಯವೂ ಅವರ ಕೈಯಲ್ಲೇ ಇರುತ್ತದೆ ಎಂಬುದನ್ನು ಈ ಪ್ರಸಂಗ ಕಟುವಾಗಿ ತೋರಿಸಿಕೊಟ್ಟಿತು.

ಆ ನಿಷೇಧಕ್ಕೆ ಕೆಲವೇ ವಾರ ಮುಂಚೆ, 1921ರ ಅಕ್ಟೋಬರ್ 31ರಂದು, ಆಲಿಸ್ ಪ್ಯಾರಿಸ್ಸಿನಲ್ಲಿ ಅಂತಾರಾಷ್ಟ್ರೀಯ ಮಹಿಳಾ ಕ್ರೀಡಾ ಒಕ್ಕೂಟವನ್ನು ಸ್ಥಾಪಿಸಿದ್ದರು. ಒಲಿಂಪಿಕ್ ಸಮಿತಿ ಒಪ್ಪದಿದ್ದರೆ ಮಹಿಳೆಯರದೇ ಆದ ಒಲಿಂಪಿಕ್ಸ್ ನಡೆಯಲಿ ಎಂಬುದು ಅದರ ಸಂಕಲ್ಪ. 1922ರ ಆಗಸ್ಟ್ 20ರಂದು ಪ್ಯಾರಿಸ್ಸಿನ ಪರ್ಶಿಂಗ್ ಕ್ರೀಡಾಂಗಣದಲ್ಲಿ ಆ ಸಂಕಲ್ಪ ಕೈಗೂಡಿತು. ಫ್ರಾನ್ಸ್, ಬ್ರಿಟನ್, ಸ್ವಿಟ್ಜರ್ಲೆಂಡ್, ಚೆಕೊಸ್ಲೊವಾಕಿಯ ಮತ್ತು ಅಮೆರಿಕದಿಂದ ಬಂದ 77 ಮಹಿಳೆಯರು ಒಂದೇ ದಿನದಲ್ಲಿ 11 ಸ್ಪರ್ಧೆಗಳಲ್ಲಿ ಸೆಣಸಿದರು. ಸುಮಾರು 20,000 ಪ್ರೇಕ್ಷಕರು ಸೇರಿದ್ದರು. 60 ಮೀಟರ್ ಓಟದಿಂದ ಹಿಡಿದು ಹರ್ಡಲ್ಸ್, ಎತ್ತರ ಜಿಗಿತ, ಉದ್ದ ಜಿಗಿತ, ಗುಂಡು ಎಸೆತ, ಭರ್ಜಿ ಎಸೆತಗಳವರೆಗೆ ಸ್ಪರ್ಧೆಗಳು ನಡೆದವು. ಹಲವು ವಿಶ್ವದಾಖಲೆಗಳು ಸ್ಥಾಪನೆಯಾದವು. ಅಂದಿನ ಸ್ಪರ್ಧೆಗಳಲ್ಲಿ 1000 ಮೀಟರ್ ಓಟವೂ ಒಂದಾಗಿತ್ತೆಂಬುದನ್ನು ನೆನಪಿನಲ್ಲಿಡುವುದು ಅಗತ್ಯ. ಮುಂದೆ 1928ರಲ್ಲಿ ನಡೆದ ಘಟನೆಯನ್ನು ಅರ್ಥಮಾಡಿಕೊಳ್ಳಲು ಅದು ಬೇಕಾಗುತ್ತದೆ.

ಈ ಕೂಟದ ಯಶಸ್ಸು ಒಲಿಂಪಿಕ್ ಸಮಿತಿಯನ್ನು ಸಂತೋಷಪಡಿಸುವ ಬದಲು ಕಳವಳಕ್ಕೆ ಈಡುಮಾಡಿತು. ಒಲಿಂಪಿಕ್ ಎಂಬ ಹೆಸರನ್ನು ಮಹಿಳೆಯರು ಬಳಸಿದ್ದಕ್ಕೆ ಆಕ್ಷೇಪವೆದ್ದಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ಅಧ್ಯಕ್ಷರಾಗಿದ್ದ ಸ್ವೀಡನ್ನಿನ ಸಿಗ್‌ಫ್ರಿಡ್ ಎಡ್‌ಸ್ಟ್ರೋಮ್ ಅವರೊಡನೆ ದೀರ್ಘಕಾಲ ಮಾತುಕತೆ ನಡೆಯಿತು. ಕೊನೆಗೆ 1926ರಲ್ಲಿ ಒಂದು ರಾಜಿಗೆ ಬರಲಾಯಿತು. ಮಹಿಳೆಯರು ಒಲಿಂಪಿಕ್ ಎಂಬ ಹೆಸರನ್ನು ಬಿಟ್ಟುಕೊಡಬೇಕು. ಪ್ರತಿಯಾಗಿ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ, ಪ್ರಯೋಗವೆಂಬ ನೆಲೆಯಲ್ಲಿ, ಅವರ ಅಥ್ಲೆಟಿಕ್ಸ್‌ಗೆ ಸ್ಥಾನ ಸಿಗುವುದು. ಆಲಿಸ್ ಕೇಳಿದ್ದು ಪೂರ್ಣಪ್ರಮಾಣದ ಸ್ಪರ್ಧೆಗಳನ್ನು. ದೊರೆತದ್ದು ಐದು ಮಾತ್ರ: 100 ಮೀಟರ್ ಓಟ, 800 ಮೀಟರ್ ಓಟ, ಎತ್ತರ ಜಿಗಿತ, ಡಿಸ್ಕಸ್ ಎಸೆತ ಮತ್ತು ರಿಲೇ ಓಟ. ಈ ಜುಗ್ಗತನವನ್ನು ಪ್ರತಿಭಟಿಸಿ ಬ್ರಿಟನ್ನಿನ ಮಹಿಳಾ ಅಥ್ಲೀಟುಗಳು ಆಮ್‌ಸ್ಟರ್‌ಡ್ಯಾಮ್‌ಗೆ ಬರಲೇ ಇಲ್ಲ. ಆಲಿಸ್ ಮಾತ್ರ ದೊರೆತಷ್ಟನ್ನು ಸ್ವೀಕರಿಸಿ ಮುಂದುವರಿಯುವ ದಾರಿ ಹಿಡಿದರು.

ಒಕ್ಕೂಟದ ಎರಡನೆಯ ಕೂಟ, ಮಹಿಳಾ ವಿಶ್ವ ಕ್ರೀಡಾಕೂಟವೆಂಬ ಹೊಸ ಹೆಸರಿನಲ್ಲಿ, 1926ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆಯಿತು. ಏಷ್ಯಾದ ಮಹಿಳೆಯರ ದೃಷ್ಟಿಯಿಂದ ಈ ಕೂಟಕ್ಕೆ ವಿಶೇಷ ಮಹತ್ತ್ವವಿದೆ. ಸೈಬೀರಿಯದ ಉದ್ದಕ್ಕೂ ರೈಲಿನಲ್ಲಿ ಪ್ರಯಾಣ ಮಾಡಿ ಜಪಾನಿನಿಂದ ಒಬ್ಬಳೇ ಸ್ಪರ್ಧಿಯಾಗಿ ಬಂದ 19 ವರ್ಷದ ಕಿನುಯೆ ಹಿತೋಮಿ ಉದ್ದ ಜಿಗಿತವನ್ನು ಗೆದ್ದಳು. ವೈಯಕ್ತಿಕ ಅಂಕಗಳಲ್ಲಿಯೂ ಮೊದಲಿಗಳಾದಳು. ಆಲಿಸ್ ಕಟ್ಟಿದ ವೇದಿಕೆಯಿಲ್ಲದಿದ್ದರೆ ಈ ಪ್ರತಿಭೆ ಯೂರೋಪಿನ ಕಣ್ಣಿಗೆ ಬೀಳುವ ಸಂಭವವೇ ಇರಲಿಲ್ಲ.

ಎರಡು ವರ್ಷಗಳ ತರುವಾಯ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಲಿಸ್ ಅಥ್ಲೆಟಿಕ್ಸ್‌ನ ತೀರ್ಪುಗಾರರ ಸಾಲಿನಲ್ಲಿ ಪುರುಷರ ನಡುವೆ ಕುಳಿತಿದ್ದರು. 1928ರ ಆಗಸ್ಟ್ 2ರಂದು ನಡೆದ 800 ಮೀಟರ್ ಅಂತಿಮ ಓಟದಲ್ಲಿ ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಹಿತೋಮಿ ಎರಡನೆಯವಳಾಗಿ, ಒಲಿಂಪಿಕ್ ಪದಕ ಪಡೆದ ಜಪಾನಿನ ಮೊದಲ ಮಹಿಳೆಯೆನಿಸಿದಳು. ಮೊದಲ ಮೂವರೂ ಹಿಂದಿನ ವಿಶ್ವದಾಖಲೆಯನ್ನು ಮೀರಿದ್ದರು. ಆದರೆ ಮರುದಿನದ ಪತ್ರಿಕೆಗಳಲ್ಲಿ ಈ ಸಾಧನೆ ಮುಖ್ಯವಾಗಲಿಲ್ಲ. ಓಟ ಮುಗಿದ ಮೇಲೆ ಕೆಲವರು ಬಳಲಿ ಹುಲ್ಲಿನ ಮೇಲೆ ಒರಗಿದ್ದನ್ನೇ ಹಿಗ್ಗಲಿಸಿ, ಸ್ಪರ್ಧಿಗಳು ಸಾಲಾಗಿ ಕುಸಿದುಬಿದ್ದರೆಂಬ ವರದಿಗಳು ಪ್ರಕಟವಾದವು. ಓಡಿದವರು ಒಂಬತ್ತು ಮಂದಿ. ಹನ್ನೊಂದು ಮಂದಿ ಓಡಿದರೆಂದು ಬರೆದವರೂ ಉಂಟು. ಪುರುಷ ಓಟಗಾರ ಬಳಲಿ ಬಿದ್ದರೆ ಅದು ವೀರೋಚಿತ ಪರಿಶ್ರಮದ ಕುರುಹು. ಮಹಿಳೆ ಬಳಲಿದರೆ ಅದು ಅವಳ ಅಸಾಮರ್ಥ್ಯದ ಸಾಕ್ಷ್ಯ. ಈ ಇಬ್ಬಗೆಯ ಅಳತೆಗೋಲಿನ ಫಲವಾಗಿ 800 ಮೀಟರ್ ಓಟವನ್ನು ಮಹಿಳೆಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಆರು ವರ್ಷ ಮೊದಲೇ ಪರ್ಶಿಂಗ್ ಕ್ರೀಡಾಂಗಣದಲ್ಲಿ ಮಹಿಳೆಯರು 1000 ಮೀಟರ್ ಓಡಿದ್ದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಆ ಸ್ಪರ್ಧೆ ಮಹಿಳೆಯರಿಗೆ ಮರಳಿ ದೊರೆತದ್ದು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, 32 ವರ್ಷಗಳ ಬಳಿಕ.

ಮಹಿಳಾ ವಿಶ್ವ ಕ್ರೀಡಾಕೂಟಗಳು ಮಾತ್ರ ಬೆಳೆಯುತ್ತಲೇ ಹೋದವು. 1930ರಲ್ಲಿ ಪ್ರಾಗ್‌ಗೆ 17 ರಾಷ್ಟ್ರಗಳು, 1934ರಲ್ಲಿ ಲಂಡನ್ನಿಗೆ 19 ರಾಷ್ಟ್ರಗಳು ಬಂದವು. ಒಲಿಂಪಿಕ್ಸ್ ನಿರಾಕರಿಸಿದ 800 ಮೀಟರ್ ಓಟ ಈ ಎರಡೂ ಕೂಟಗಳಲ್ಲಿ ನಡೆಯಿತು. ಆದರೆ ಈ ಬೆಳವಣಿಗೆಯ ಬುಡದಲ್ಲಿಯೇ ಬಿರುಕು ಮೂಡಿತ್ತು. ಒಲಿಂಪಿಕ್ಸ್‌ನಲ್ಲಿ ಅಲ್ಪಸ್ವಲ್ಪ ಪ್ರವೇಶ ದೊರೆತಂತೆ, ಪ್ರತ್ಯೇಕ ಮಹಿಳಾ ಸಂಸ್ಥೆಯ ಅಗತ್ಯವೇನೆಂಬ ಪ್ರಶ್ನೆ ಎದ್ದಿತು. ಆರ್ಥಿಕ ಮುಗ್ಗಟ್ಟಿನ ದಶಕದಲ್ಲಿ ಹಣದ ನೆರವೂ ಬತ್ತಿತು. ಅಂದಿನ ಫ್ರಾನ್ಸಿನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕಿರಲಿಲ್ಲ. 1944ರಲ್ಲಿ ದೊರೆತ ಆ ಹಕ್ಕನ್ನು ಅವರು ಮೊದಲು ಚಲಾಯಿಸಿದ್ದು 1945ರಲ್ಲಿ. ಮತವಿಲ್ಲದವರ ಮಾತಿಗೆ ಆಳುವವರು ಕಿವಿಗೊಡುವುದಿಲ್ಲ, ಆದ್ದರಿಂದಲೇ ಹೆಣ್ಣುಮಕ್ಕಳಿಗೆ ಮೈದಾನಗಳು ದೊರೆಯುತ್ತಿಲ್ಲ ಎಂಬುದು ಆಲಿಸ್ ಅವರ ಖಚಿತವಾದ ತಿಳಿವಳಿಕೆಯಾಗಿತ್ತು. ಕ್ರೀಡೆಯ ಪ್ರಶ್ನೆಯನ್ನು ನಾಗರಿಕ ಹಕ್ಕಿನ ಪ್ರಶ್ನೆಯೊಡನೆ ಜೋಡಿಸಿ ನೋಡಿದ ಈ ದೃಷ್ಟಿ ಆಕೆಯ ಚಿಂತನೆಯ ಹೆಚ್ಚುಗಾರಿಕೆ.

ಕೊನೆಗೆ ಆಕೆ ಒಲಿಂಪಿಕ್ ಸಮಿತಿಯ ಮುಂದೆ ಒಂದು ನಿಷ್ಠುರವಾದ ಆಯ್ಕೆಯನ್ನಿಟ್ಟರು. ಒಂದೋ ಮಹಿಳೆಯರಿಗೆ ಪೂರ್ಣಪ್ರಮಾಣದ ಸ್ಪರ್ಧೆಗಳನ್ನು ಕೊಡಬೇಕು. ಇಲ್ಲವೇ ಅವರನ್ನು ಒಲಿಂಪಿಕ್ಸ್‌ನಿಂದ ಪೂರ್ತಿಯಾಗಿ ಬಿಟ್ಟು, ತಮ್ಮ ಕೂಟವನ್ನು ತಾವೇ ನಡೆಸಲು ಅವಕಾಶ ಕೊಡಬೇಕು. ಎರಡರಲ್ಲಿ ಯಾವುದೂ ಆಗಲಿಲ್ಲ. 1936ರಲ್ಲಿ ಮಹಿಳಾ ಅಥ್ಲೆಟಿಕ್ಸ್‌ನ ಸಂಪೂರ್ಣ ಆಡಳಿತವನ್ನು ಪುರುಷರ ನೇತೃತ್ವದ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವೇ ವಹಿಸಿಕೊಂಡಿತು. ಮಹಿಳೆಯರ ದಾಖಲೆಗಳಿಗೆ ಮನ್ನಣೆ ದೊರೆಯಿತು. ಆದರೆ ಮಹಿಳೆಯರು ಕಟ್ಟಿದ ಸಂಸ್ಥೆ ಕಣ್ಮರೆಯಾಯಿತು. ಓಡುವ ಹಕ್ಕು ಉಳಿಯಿತು, ಓಟವನ್ನು ನಡೆಸುವ ಅಧಿಕಾರ ಕೈಬಿಟ್ಟಿತು. ಆಲಿಸ್ ಅವರ ಸಾಧನೆಯನ್ನೂ ಸೋಲನ್ನೂ ಒಟ್ಟಿಗೆ ಹಿಡಿದಿಡುವ ಸಂಗತಿ ಇದು. ಆರೋಗ್ಯ ಕೆಟ್ಟು, ಮನಸ್ಸು ದಣಿದು, ಆಕೆ ಸಾರ್ವಜನಿಕ ಜೀವನದಿಂದ ಹಿಂದೆ ಸರಿದರು. 1957ರ ಮೇ 19ರಂದು ಪ್ಯಾರಿಸ್ಸಿನಲ್ಲಿ ನಿಧನರಾದಾಗ ಆಕೆಯನ್ನು ನೆನೆಯುವವರು ವಿರಳವಾಗಿದ್ದರು. ನಾಂತ್‌ನಲ್ಲಿರುವ ಸಮಾಧಿಯ ಮೇಲೆ ಬಹುಕಾಲ ಆಕೆಯ ಹೆಸರೂ ಇರಲಿಲ್ಲ.

ಆಲಿಸ್ ಎತ್ತಿದ ಪ್ರಶ್ನೆಯ ಎರಡು ಮುಖಗಳಿಗೂ ಕಾಲ ಬಹು ನಿಧಾನವಾಗಿ ಉತ್ತರ ಕೊಟ್ಟಿದೆ. ಸ್ಪರ್ಧೆಯ ಹಕ್ಕಿನ ಮಾತು ಹೇಳುವುದಾದರೆ, 1951ರಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ ಅಥ್ಲೆಟಿಕ್ಸ್ ಸೇರಿತ್ತು. 100 ಮೀಟರ್ ಓಟದಲ್ಲಿ ಭಾರತದ ರೋಶನ್ ಮಿಸ್ತ್ರಿ ಬೆಳ್ಳಿ ಪಡೆದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮುಂಬಯಿಯ ಮೇರಿ ಡಿಸೋಜ ಮತ್ತು ಬಂಗಾಳದ ನೀಲಿಮಾ ಘೋಷ್ ಭಾರತದ ಪರವಾಗಿ ಓಡಿದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಷ್ಟದಿಂದ ತೆರೆದ ಬಾಗಿಲಿನ ಮೂಲಕವೇ ಅವರೂ ಒಳಗೆ ಬಂದರು. ಮಹಿಳೆಯರ ಮ್ಯಾರಥಾನ್ 1984ರಲ್ಲಿ ಸೇರಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಸಂಖ್ಯೆಯ ಸ್ಥಾನಗಳನ್ನು ನಿಗದಿಪಡಿಸಲಾಯಿತು. ಅಧಿಕಾರದ ಮುಖದಲ್ಲಿ ಚಲನೆ ಇನ್ನೂ ಮಂದವಾಗಿತ್ತು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಮೊದಲ ಬಾರಿಗೆ ಇಬ್ಬರು ಮಹಿಳೆಯರು ಸದಸ್ಯರಾಗಿ ಬಂದದ್ದು 1981ರಲ್ಲಿ. ಭಾರತೀಯ ಒಲಿಂಪಿಕ್ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷರಾಗಿ ಪಿ. ಟಿ. ಉಷಾ 2022ರಲ್ಲಿ ಆಯ್ಕೆಯಾದರು. 2025ರಲ್ಲಿ ಜಿಂಬಾಬ್ವೆಯ ಈಜುಗಾರ್ತಿ ಕರ್ಸ್ಟಿ ಕವೆಂಟ್ರಿ ಅಂತಾರಾಷ್ಟ್ರೀಯ ಸಮಿತಿಯ ಅಧ್ಯಕ್ಷಪೀಠವನ್ನೇರಿದರು.

2021ರ ಮಾರ್ಚ್ 8ರಂದು, ಅಂತಾರಾಷ್ಟ್ರೀಯ ಮಹಿಳಾ ದಿನದಂದು, ಪ್ಯಾರಿಸ್ಸಿನಲ್ಲಿರುವ ಫ್ರೆಂಚ್ ಒಲಿಂಪಿಕ್ ಸಮಿತಿಯ ಕಚೇರಿಯಲ್ಲಿ ಆಲಿಸ್ ಮಿಲಿಯಾ ಅವರ ಪ್ರತಿಮೆಯನ್ನು ಕೂಬರ್ತಾಂ ಅವರ ಪ್ರತಿಮೆಯ ಸನಿಹದಲ್ಲಿಯೇ ಸ್ಥಾಪಿಸಲಾಯಿತು. ಬದುಕಿದ್ದಾಗ ಒಂದೇ ಅಂಗಳದಲ್ಲಿ ಸಮಾನರಾಗಿ ನಿಲ್ಲಲಾಗದ ಇಬ್ಬರು ಹೀಗೆ ಒಂದೇ ಸೂರಿನಡಿ ನಿಂತಿದ್ದಾರೆ. ಆದರೆ ಈ ಗೌರವಕ್ಕಿಂತ ಮಿಗಿಲಾದ ಸ್ಮಾರಕ ಆಕೆಯ ಬದುಕು ಕಲಿಸುವ ಪಾಠದಲ್ಲಿದೆ. ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕರೆತಂದರಷ್ಟೇ ಸಾಲದು. ಮೈದಾನದ ಬೀಗದ ಕೈಯಲ್ಲಿ, ಲೆಕ್ಕದ ಪುಸ್ತಕದಲ್ಲಿ, ತೀರ್ಪುಗಾರರ ಆಸನದಲ್ಲಿ ಅವರಿಗೆ ಪಾಲು ಸಿಗಬೇಕು. ಶಾಲೆಯ ಆಟದ ಬಯಲಿನಿಂದ ರಾಷ್ಟ್ರೀಯ ಒಕ್ಕೂಟಗಳವರೆಗೆ ಮಹಿಳಾ ಕ್ರೀಡೆಯ ಸ್ಥಿತಿಯನ್ನು ಅಳೆಯಲು ಆಲಿಸ್ ಮಿಲಿಯಾ ಬಿಟ್ಟುಹೋದ ಮಾನದಂಡ ಇದೇ.