ಪ್ರವಾಸವನ್ನು ಸರ್ವರಿಗೂ ತೆರೆದ ಥಾಮಸ್ ಕುಕ್

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದೇಶ ನೋಡುವುದು ಸಿರಿವಂತರ ಭಾಗ್ಯವಾಗಿತ್ತು. ಇಂಗ್ಲೆಂಡಿನ ಶ್ರೀಮಂತ ಮನೆತನಗಳ ತರುಣರು ವಿದ್ಯಾಭ್ಯಾಸದ ಕೊನೆಯ ಘಟ್ಟವೆಂಬಂತೆ ಫ್ರಾನ್ಸ್, ಇಟಲಿ ದೇಶಗಳಲ್ಲಿ ತಿಂಗಳುಗಟ್ಟಲೆ ಸಂಚರಿಸಿ, ಅಲ್ಲಿಯ ಪ್ರಾಚೀನ ಕಟ್ಟಡಗಳನ್ನೂ ಚಿತ್ರಶಿಲ್ಪಗಳನ್ನೂ ಕಂಡು ಬರುತ್ತಿದ್ದರು. ಅವರ ಸಂಗಡ ಸೇವಕರಿರುತ್ತಿದ್ದರು, ಸಾರೋಟುಗಳಿರುತ್ತಿದ್ದವು, ಕೈತುಂಬ ಹಣವಿರುತ್ತಿತ್ತು. ಅದೇ ನಾಡಿನ ನೇಕಾರ, ಬಡಗಿ, ಗಿರಣಿಯ ಕೂಲಿಕಾರ ಮೊದಲಾದವರಾದರೋ ತಮ್ಮ ಊರಿಗೆ ಸಮೀಪದಲ್ಲೇ ಇದ್ದ ಕೋಟೆಯನ್ನಾಗಲಿ, ಕಡಲನ್ನಾಗಲಿ ಕಾಣದೆಯೇ ಬಾಳು ಸವೆಸುತ್ತಿದ್ದರು. ದುಡಿಮೆಯಿಂದ ಬಿಡುವು ದೊರೆಯುತ್ತಿದ್ದುದು ಅಪರೂಪ. ದೊರೆತ ಬಿಡುವೂ ಅನೇಕರ ಪಾಲಿಗೆ ಹೆಂಡದಂಗಡಿಯಲ್ಲಿ ಕಳೆದುಹೋಗುತ್ತಿತ್ತು. ಈ ಸ್ಥಿತಿಯನ್ನು ಬದಲಿಸಲು ಹೊರಟವನು ಅರಸನಲ್ಲ, ಮಂತ್ರಿಯಲ್ಲ, ಸಿರಿವಂತನೂ ಅಲ್ಲ. ಹತ್ತನೆಯ ವಯಸ್ಸಿಗೇ ಶಾಲೆ ಬಿಟ್ಟ ಒಬ್ಬ ಬಡಗಿ. ಅವನೇ ಥಾಮಸ್ ಕುಕ್.

ಕುಕ್ 1808ರ ನವೆಂಬರ್ 22ರಂದು ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತಕ್ಕೆ ಸೇರಿದ ಮೆಲ್ಬರ್ನ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದನು. ಅವನಿನ್ನೂ ಎಳೆಯ ಮಗುವಾಗಿದ್ದಾಗಲೇ ತಂದೆ ತೀರಿಕೊಂಡನು. ಮನೆಯ ಬಡತನ ಬಾಲಕನನ್ನು ಶಾಲೆಯಲ್ಲಿ ಬಹುಕಾಲ ಉಳಿಯಗೊಡಲಿಲ್ಲ. ಹತ್ತು ವರ್ಷದ ಹುಡುಗ ಸಮೀಪದ ಶ್ರೀಮಂತರ ತೋಟದಲ್ಲಿ ಮಾಲಿಯ ಸಹಾಯಕನಾಗಿ ದುಡಿಯತೊಡಗಿದನು. ವಾರಕ್ಕೆ ಅವನಿಗೆ ದೊರೆಯುತ್ತಿದ್ದ ಕೂಲಿ ಆರು ಪೆನ್ನಿ, ಅಂದರೆ ಅರ್ಧ ಷಿಲ್ಲಿಂಗ್. ಹದಿನಾಲ್ಕನೆಯ ವಯಸ್ಸಿನಲ್ಲಿ ಬಂಧುವೊಬ್ಬನ ಬಳಿ ಮರಗೆಲಸ ಕಲಿಯಲು ಸೇರಿದನು.

ಕುಕ್ ದೈವಭಕ್ತನಾಗಿದ್ದನು. ಇಪ್ಪತ್ತನೆಯ ವಯಸ್ಸಿನಲ್ಲಿ ಅವನು ಬ್ಯಾಪ್ಟಿಸ್ಟ್ ಪಂಥದ ಗ್ರಾಮಬೋಧಕನಾಗಿ ಹಳ್ಳಿಹಳ್ಳಿ ತಿರುಗತೊಡಗಿದನು. ಗಾಡಿಯ ಬಾಡಿಗೆಗೆ ಹಣವಿಲ್ಲದಿದ್ದುದರಿಂದ ಬಹುತೇಕ ನಡಿಗೆಯೇ ಅವನ ಪಾಲಿಗೆ ಬಂದಿತು. 1829ನೆಯ ಒಂದೇ ವರ್ಷದಲ್ಲಿ ಅವನು ಕಾಲ್ನಡಿಗೆಯಿಂದ ಎರಡು ಸಾವಿರ ಮೈಲಿಗಿಂತಲೂ ಹೆಚ್ಚು ದೂರ ಸಂಚರಿಸಿದನು. ಬಡವನ ಪಾಲಿಗೆ ದಾರಿ ಎಷ್ಟು ದೀರ್ಘವಾದುದೆಂಬುದನ್ನು ಅವನು ಪುಸ್ತಕದಿಂದ ಕಲಿಯಲಿಲ್ಲ. ತನ್ನ ಕಾಲುಗಳಿಂದಲೇ ಅರಿತನು. ಬೋಧಕನ ವೃತ್ತಿಯಿಂದ ಜೀವನ ಸಾಗದಾದಾಗ ಮತ್ತೆ ಮರಗೆಲಸಕ್ಕೆ ಮರಳಿದನು. 1833ರಲ್ಲಿ ಮೇರಿಯಾನ್ ಮೇಸನ್ ಎಂಬಾಕೆಯನ್ನು ವಿವಾಹವಾಗಿ ಮಾರ್ಕೆಟ್ ಹಾರ್ಬರೋ ಎಂಬ ಊರಿನಲ್ಲಿ ನೆಲೆಸಿದನು. ಅದೇ ವರ್ಷ ಮದ್ಯವನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಕೈಗೊಂಡು ಪಾನನಿರೋಧ ಚಳವಳಿಯ ನಿಷ್ಠಾವಂತ ಕಾರ್ಯಕರ್ತನಾದನು. ಕುಡಿತದಿಂದ ಕಾರ್ಮಿಕರ ಸಂಸಾರಗಳು ಹಾಳಾಗುವುದನ್ನು ಅವನು ಕಣ್ಣಾರೆ ಕಂಡಿದ್ದನು. ಕುಡಿಯಬೇಡಿರೆಂದು ಉಪದೇಶಿಸಿದರಷ್ಟೇ ಸಾಲದು, ಬಿಡುವಿನ ವೇಳೆಗೆ ಕುಡಿತಕ್ಕಿಂತ ಹಿತವಾದ ಸಂತೋಷವನ್ನು ಒದಗಿಸಬೇಕು ಎಂಬುದು ಅವನಿಗೆ ಕ್ರಮೇಣ ಮನವರಿಕೆಯಾಯಿತು.

1841ರ ಜೂನ್ ತಿಂಗಳಲ್ಲಿ ಒಂದು ದಿನ ಕುಕ್ ಪಾನನಿರೋಧ ಸಭೆಯೊಂದಕ್ಕಾಗಿ ಲೆಸ್ಟರ್ ನಗರಕ್ಕೆ ಸುಮಾರು ಹದಿನೈದು ಮೈಲಿ ನಡೆದು ಹೋಗುತ್ತಿದ್ದನು. ರೈಲು ಆಗ ಜನರಿಗೆ ಇನ್ನೂ ಹೊಸದಾಗಿತ್ತು. ಈ ಹೊಸ ಯಂತ್ರಶಕ್ತಿಯನ್ನು ಜನರ ಏಳಿಗೆಗೆ ಏಕೆ ಬಳಸಬಾರದು ಎಂಬ ಆಲೋಚನೆ ದಾರಿಯಲ್ಲಿ ಅವನಿಗೆ ಹೊಳೆಯಿತು. ಮುಂದಿನ ಸಭೆಗೆ ಜನರನ್ನು ವಿಶೇಷ ರೈಲಿನಲ್ಲಿ ಕರೆದೊಯ್ಯಬೇಕೆಂದು ಅವನು ಸೂಚಿಸಿದನು. ರೈಲ್ವೆ ಕಂಪನಿಯ ಅಧಿಕಾರಿಗಳನ್ನು ಕಂಡು ಒಪ್ಪಿಗೆಯನ್ನೂ ಪಡೆದನು. 1841ರ ಜುಲೈ 5ರಂದು ಸುಮಾರು 500 ಮಂದಿ ಲೆಸ್ಟರ್‌ನಿಂದ ಹನ್ನೊಂದು ಮೈಲಿಯಷ್ಟು ದೂರದ ಲಫ್‌ಬರೋ ಊರಿಗೆ ಹೊರಟರು. ಹೋಗಿಬರಲು ತಲೆಗೆ ಒಂದು ಷಿಲ್ಲಿಂಗ್. ಚಾವಣಿಯಿಲ್ಲದ ತೆರೆದ ಬಂಡಿಗಳಲ್ಲಿ ಜನರು ತುಂಬಿಕೊಂಡಿದ್ದರು, ಸಂಗಡ ವಾದ್ಯವೃಂದವಿತ್ತು. ಲಫ್‌ಬರೋದ ಉದ್ಯಾನದಲ್ಲಿ ಚಹಾ, ಆಟಪಾಟಗಳು, ಭಾಷಣಗಳು ನಡೆದವು. ಅಂದೇ ಎಲ್ಲರೂ ಸುರಕ್ಷಿತವಾಗಿ ಮನೆ ಸೇರಿದರು.

ಅದಕ್ಕೂ ಮೊದಲೇ ಬೇರೆಡೆಗಳಲ್ಲಿ ವಿಹಾರದ ರೈಲುಗಳು ಓಡಿದ್ದುಂಟು. ಆದರೆ ಕುಕ್ ಈ ಕಾರ್ಯವನ್ನು ಒಂದು ದಿನಕ್ಕೆ ನಿಲ್ಲಿಸದೆ ತನ್ನ ಜೀವನದ ಕಸುಬನ್ನಾಗಿ ಮಾಡಿಕೊಂಡನು. ಅವನು ಕಂಡುಕೊಂಡ ಸೂತ್ರ ಸರಳವಾದುದು. ರೈಲು ಖಾಲಿಯಾಗಿ ಓಡಲಿ, ತುಂಬಿ ಓಡಲಿ, ಅದರ ವೆಚ್ಚದಲ್ಲಿ ಹೆಚ್ಚು ವ್ಯತ್ಯಾಸವಾಗದು. ನೂರಾರು ಜನ ಒಟ್ಟಾಗಿ ಬರುವುದು ಖಚಿತವಾದರೆ ಕಂಪನಿಯು ದರವನ್ನು ಬಹಳ ತಗ್ಗಿಸಿಯೂ ಲಾಭ ಪಡೆಯಬಲ್ಲದು. ಒಬ್ಬೊಬ್ಬರಿಗೂ ನಿಲುಕದ ಪ್ರಯಾಣ ಎಲ್ಲರೂ ಕೂಡಿದಾಗ ಎಲ್ಲರಿಗೂ ನಿಲುಕುತ್ತದೆ.

ಮುಂದಿನ ಕೆಲವು ಬೇಸಗೆಗಳಲ್ಲಿ ಕುಕ್ ಪಾನನಿರೋಧ ಸಂಘಗಳಿಗಾಗಿಯೂ ಮಕ್ಕಳಿಗಾಗಿಯೂ ಇಂತಹ ಸಂಚಾರಗಳನ್ನು ಲಾಭದ ಆಸೆಯಿಲ್ಲದೆ ಏರ್ಪಡಿಸಿದನು. ಲೆಸ್ಟರ್ ನಗರಕ್ಕೆ ಬಂದು ನೆಲೆಸಿ, ಮುದ್ರಣ ಮತ್ತು ಪುಸ್ತಕ ವ್ಯಾಪಾರವನ್ನು ಜೀವನೋಪಾಯವಾಗಿ ಮಾಡಿಕೊಂಡನು. 1845ರಲ್ಲಿ ಮೊದಲ ಬಾರಿಗೆ ವ್ಯಾಪಾರದ ದೃಷ್ಟಿಯಿಂದ ಲಿವರ್‌ಪೂಲ್ ಪ್ರವಾಸವನ್ನು ಯೋಜಿಸಿದನು. ಅಲ್ಲಿಂದ ಮುಂದೆ ವೇಲ್ಸ್ ಪ್ರಾಂತದ ಕೆರ್ನಾರ್ವನ್ ಕೋಟೆಯನ್ನೂ ಸ್ನೋಡನ್ ಪರ್ವತವನ್ನೂ ನೋಡುವ ಅವಕಾಶವಿತ್ತು. ಜನರನ್ನು ಕರೆದೊಯ್ಯುವ ಮೊದಲು ಕುಕ್ ತಾನೇ ಆ ದಾರಿಯಲ್ಲಿ ಸಂಚರಿಸಿ ವಸತಿಗೃಹಗಳನ್ನು ಪರೀಕ್ಷಿಸಿದನು. ನೋಡತಕ್ಕ ಸ್ಥಳಗಳನ್ನು ವಿವರಿಸುವ ಕೈಪಿಡಿಯೊಂದನ್ನು ಬರೆದು ಅಚ್ಚು ಹಾಕಿಸಿದನು. ಕಣ್ಣಿಗೆ ಬಿದ್ದುದನ್ನು ನೋಡುವುದಕ್ಕೂ, ತಿಳಿದು ನೋಡುವುದಕ್ಕೂ ಅಂತರವಿದೆಯೆಂದು ಅವನು ಬಲ್ಲವನಾಗಿದ್ದನು.

ಎಲ್ಲ ಪ್ರಯತ್ನಗಳೂ ಸುಗಮವಾಗಿರಲಿಲ್ಲ. 1846ರಲ್ಲಿ ಸುಮಾರು 350 ಜನರೊಡನೆ ಸ್ಕಾಟ್ಲೆಂಡಿಗೆ ಹೊರಟಾಗ, ದಾರಿಯಲ್ಲಿ ದೊರೆಯಬೇಕಾಗಿದ್ದ ಚಹಾ ದೊರೆಯಲಿಲ್ಲ. ಮುಂದೆ ಉಗಿಹಡಗಿನಲ್ಲಿ ಎಲ್ಲರಿಗೂ ಕೋಣೆಗಳು ಸಾಲದೆ ಅನೇಕರು ರಾತ್ರಿಯನ್ನು ಹಡಗಿನ ಅಟ್ಟದ ಮೇಲೆಯೇ ಕಳೆಯಬೇಕಾಯಿತು. ಗ್ಲಾಸ್ಗೋ ನಗರದಲ್ಲಿ ವಾದ್ಯಘೋಷದ ಸ್ವಾಗತ ದೊರೆತರೂ ಪ್ರಯಾಣಿಕರ ಅಸಮಾಧಾನ ಅಡಗಲಿಲ್ಲ. ಈ ಸೋಲಿನಿಂದ ಕುಕ್ ಎದೆಗುಂದಲಿಲ್ಲ. ಹಣ ತೆತ್ತು ನಂಬಿ ಬಂದವರ ಊಟ, ನಿದ್ರೆ, ಕ್ಷೇಮಗಳ ಹೊಣೆ ತನ್ನದೇ ಎಂಬ ಪಾಠವನ್ನು ಅವನು ಕಲಿತನು.

1848ರಲ್ಲಿ ಕುಕ್ ಬೀವರ್ ಕೋಟೆಮನೆಯ ಸಂದರ್ಶನವನ್ನು ಏರ್ಪಡಿಸಿದನು. ಅದು ರಟ್ಲೆಂಡಿನ ಡ್ಯೂಕ್ ಪದವಿಯ ಮನೆತನಕ್ಕೆ ಸೇರಿದ ಭವ್ಯ ಸೌಧ. ಕೂಲಿಕಾರರು ಗುಂಪುಗುಂಪಾಗಿ ಬಂದರೆ ಹೂದೋಟ ಹಾಳಾಗುವುದು, ಅಮೂಲ್ಯ ವಸ್ತುಗಳು ಕೆಡುವುವು ಎಂಬ ಭಯ ಅಂದಿನ ಅನೇಕ ಶ್ರೀಮಂತರಲ್ಲಿತ್ತು. ಕುಕ್ ತನ್ನ ಕೈಪಿಡಿಯಲ್ಲಿ ಸಂದರ್ಶಕರ ನಡತೆಯ ವಿಷಯವನ್ನೂ ಎತ್ತಿಕೊಂಡನು. ಕೆಲವರು ತೋರಿದ ಒರಟುತನದಿಂದ ಇಂತಹ ಮನೆಗಳ ಬಾಗಿಲು ಎಲ್ಲರಿಗೂ ಮುಚ್ಚಿಹೋಗಬಹುದೆಂಬ ಎಚ್ಚರಿಕೆ ಅದರಲ್ಲಿ ಅಡಗಿತ್ತು. ಪ್ರಾಚೀನ ಸ್ಥಳಗಳನ್ನು ನೋಡುವ ಹಕ್ಕಿನ ಬೆನ್ನಿಗೇ ಅವನ್ನು ಕಾಪಾಡುವ ಹೊಣೆಯೂ ಇದೆಯೆಂಬ ತತ್ತ್ವ ಇಂದಿಗೂ ಮಾನ್ಯವಾದುದು.

1851ರಲ್ಲಿ ಲಂಡನ್ ನಗರದಲ್ಲಿ ಮಹಾಪ್ರದರ್ಶನವು ನಡೆಯಿತು. ಗಾಜು ಮತ್ತು ಕಬ್ಬಿಣದಿಂದ ನಿರ್ಮಿಸಿದ ಸ್ಫಟಿಕ ಸೌಧದಲ್ಲಿ ನಾನಾ ದೇಶಗಳ ಯಂತ್ರಗಳೂ ಕಲಾವಸ್ತುಗಳೂ ನೆರೆದಿದ್ದವು. ಅದರ ಶಿಲ್ಪಿ ಜೋಸೆಫ್ ಪ್ಯಾಕ್ಸ್‌ಟನ್ನನ ಪ್ರೇರಣೆಯಿಂದ ಕುಕ್ ಜನರನ್ನು ಅಲ್ಲಿಗೆ ಕರೆದೊಯ್ಯುವ ಕಾರ್ಯ ಕೈಗೊಂಡನು. ಹದಿನೇಳು ವರ್ಷದ ಮಗ ಜಾನ್ ಮೇಸನ್ ಕುಕ್ ತಂದೆಗೆ ಹೆಗಲು ಕೊಟ್ಟನು. ಕಾರ್ಮಿಕರು ವಾರವಾರವೂ ಅಲ್ಪಸ್ವಲ್ಪ ಹಣ ಕೂಡಿಸಿಡಲು ಸಂಘಗಳು ಏರ್ಪಟ್ಟವು. ಕುಕ್ ಕರೆದೊಯ್ದವರ ಸಂಖ್ಯೆ ಒಂದೂವರೆ ಲಕ್ಷವನ್ನು ಮುಟ್ಟಿತು. ಅವರಲ್ಲಿ ಅನೇಕರು ರಾಜಧಾನಿಯನ್ನು ಕಂಡದ್ದು ಅದೇ ಮೊದಲು.

ಕುಕ್‌ನ ಕಾರ್ಯಕ್ಷೇತ್ರ ವಿಸ್ತರಿಸಿತು. 1855ರಲ್ಲಿ ಅವನು ಪ್ರವಾಸಿಗರನ್ನು ಬೆಲ್ಜಿಯಂ ಮತ್ತು ಜರ್ಮನಿಯ ಮಾರ್ಗವಾಗಿ ಪ್ಯಾರಿಸ್ ನಗರಕ್ಕೆ ಕರೆದೊಯ್ದನು. 1863ರಲ್ಲಿ ಸ್ವಿಟ್ಜರ್ಲೆಂಡಿನ ಹಿಮಪರ್ವತಗಳನ್ನೂ, 1864ರಲ್ಲಿ ಇಟಲಿಯ ಪುರಾತನ ನಗರಗಳನ್ನೂ ತೋರಿಸಿದನು. ಒಂಟಿಯಾಗಿ ಪಯಣಿಸಲು ಅಳುಕುತ್ತಿದ್ದ ಮಹಿಳೆಯರು ಅವನ ತಂಡಗಳಲ್ಲಿ ಧೈರ್ಯದಿಂದ ಪಾಲ್ಗೊಂಡರು.

ಇದು ಎಲ್ಲರಿಗೂ ಹಿಡಿಸಲಿಲ್ಲ. ತಮಗೇ ಮೀಸಲೆಂದು ಭಾವಿಸಿದ್ದ ತಾಣಗಳಲ್ಲಿ ಗುಮಾಸ್ತರೂ ಶಾಲಾಶಿಕ್ಷಕರೂ ಅಂಗಡಿಕಾರರೂ ಕಾಣಿಸಿಕೊಂಡುದು ಕೆಲವು ಸಿರಿವಂತರಿಗೆ ಸಹನೆಯಾಗಲಿಲ್ಲ. 1865ರಲ್ಲಿ, ಇಟಲಿಯಲ್ಲಿ ವಾಸಿಸುತ್ತಿದ್ದ ಕಾದಂಬರಿಕಾರ ಚಾರ್ಲ್ಸ್ ಲೀವರ್ ಪತ್ರಿಕೆಯಲ್ಲಿ ಈ ತಂಡಗಳನ್ನು ದನದ ಮಂದೆಗೆ ಹೋಲಿಸಿ ಗೇಲಿ ಮಾಡಿದನು. ಆಸ್ಟ್ರೇಲಿಯಾ ಒಲ್ಲದ ಅಪರಾಧಿಗಳನ್ನೇ ಕುಕ್ ಇಟಲಿಗೆ ತಂದು ಬಿಡುತ್ತಿದ್ದಾನೆಂಬ ಸುಳ್ಳುಕಥೆಯನ್ನೂ ಹಬ್ಬಿಸಿದನು. ಕುಕ್ ಇದನ್ನು ಬಹಿರಂಗವಾಗಿಯೇ ಖಂಡಿಸಿದನು. ನಿಸರ್ಗದ ಚೆಲುವೂ ಪೂರ್ವಿಕರ ಕಲೆಯೂ ಯಾವುದೇ ಒಂದು ವರ್ಗದ ಸ್ವತ್ತಲ್ಲ. ದುಡಿಯುವವನು ಅವನ್ನು ಕಾಣಲು ಬಯಸಿದರೆ ಅದು ನಗೆಗೀಡಾಗತಕ್ಕ ವಿಷಯವಲ್ಲ ಎಂಬುದು ಅವನ ನಿಲುವಾಗಿತ್ತು.

1868ರಲ್ಲಿ ವಸತಿಗೃಹಗಳಿಗೆ ಮುಂಗಡ ಚೀಟಿಗಳ ಪದ್ಧತಿಯನ್ನು ಅವನು ಜಾರಿಗೆ ತಂದನು. ಊರಿನಲ್ಲೇ ಹಣ ಕಟ್ಟಿ ಚೀಟಿ ಪಡೆದವನು ಪರದೇಶದಲ್ಲಿ ಅದನ್ನೇ ತೋರಿಸಿ ಊಟ ವಸತಿಗಳನ್ನು ಪಡೆಯಬಹುದಾಗಿತ್ತು. 1869ರಲ್ಲಿ ಈಜಿಪ್ಟ್ ಮತ್ತು ಪ್ಯಾಲಸ್ತೀನ್ ದೇಶಗಳ ಪ್ರವಾಸ ನಡೆಯಿತು. 1872ರಲ್ಲಿ, ತನ್ನ ಅರುವತ್ತನಾಲ್ಕನೆಯ ವಯಸ್ಸಿಗೆ ಸಮೀಪಿಸುತ್ತಿದ್ದಾಗ, ಕುಕ್ ಚಿಕ್ಕದೊಂದು ತಂಡದೊಡನೆ ಭೂಪ್ರದಕ್ಷಿಣೆಗೆ ಹೊರಟನು. ಅಮೆರಿಕ, ಜಪಾನ್, ಚೀನಗಳನ್ನು ದಾಟಿ ಭಾರತಕ್ಕೂ ಬಂದನು. 222 ದಿನಗಳಲ್ಲಿ ಈ ಯಾತ್ರೆ ಮುಗಿಯಿತು. ಕೆಲವು ವರ್ಷಗಳ ತರುವಾಯ ಸಂಸ್ಥೆಯ ಕಚೇರಿಯೊಂದು ಮುಂಬಯಿಯಲ್ಲಿಯೂ ತೆರೆಯಿತು.

ಹೊರಗೆ ಕೀರ್ತಿ ಬೆಳೆದಂತೆ ಮನೆಯೊಳಗೆ ನೆಮ್ಮದಿ ಕುಂದಿತು. ತಂದೆಗೆ ಪ್ರವಾಸವು ಸೇವೆ. ಮಗನಿಗೆ ಅದು ಕಟ್ಟುನಿಟ್ಟಿನ ವ್ಯವಹಾರ. ದಾನಧರ್ಮಕ್ಕಾಗಿಯೂ ಪಾನನಿರೋಧಕ್ಕಾಗಿಯೂ ತಂದೆ ಸಂಸ್ಥೆಯ ಹಣವನ್ನು ಬಳಸುವುದು ಜಾನನಿಗೆ ಸರಿತೋರಲಿಲ್ಲ. ಇಬ್ಬರೂ ಹಟವಾದಿಗಳು. 1878ರ ಹೊತ್ತಿಗೆ ಮನಸ್ತಾಪ ಬಲಿತು, ತಾನೇ ಕಟ್ಟಿ ಬೆಳೆಸಿದ ಸಂಸ್ಥೆಯ ಆಡಳಿತದಿಂದ ಕುಕ್ ದೂರ ಸರಿಯಬೇಕಾಯಿತು. ಮಗನ ದಕ್ಷತೆಯಿಂದ ಸಂಸ್ಥೆ ಜಗದ್ವಿಖ್ಯಾತವಾಯಿತು. ತಂದೆಯ ಹೃದಯದ ಗಾಯ ಮಾತ್ರ ಮಾಯಲಿಲ್ಲ. 1880ರಲ್ಲಿ ಒಬ್ಬಳೇ ಮಗಳು ಆನಿ ಅಕಾಲಮರಣಕ್ಕೆ ತುತ್ತಾದಳು. 1884ರಲ್ಲಿ ಪತ್ನಿಯೂ ಗತಿಸಿದಳು. ಲಕ್ಷಾಂತರ ಜನರಿಗೆ ಲೋಕವನ್ನು ತೋರಿಸಿದವನ ಕಣ್ಣುಗಳೇ ಮುಪ್ಪಿನಲ್ಲಿ ಕುರುಡಾದವು.

ಆದರೂ ಕುಕ್ ತಾನು ಬಂದ ದಾರಿಯನ್ನು ಮರೆಯಲಿಲ್ಲ. ಹುಟ್ಟೂರಾದ ಮೆಲ್ಬರ್ನ್‌ನಲ್ಲಿ ಬಡವರ ವಾಸಕ್ಕಾಗಿ ಹದಿನಾಲ್ಕು ಮನೆಗಳನ್ನು ಕಟ್ಟಿಸಿದನು. 1891ರಲ್ಲಿ ಸಂಸ್ಥೆಯ ಸುವರ್ಣ ಮಹೋತ್ಸವವು ಲಂಡನ್ ನಗರದಲ್ಲಿ ವೈಭವದಿಂದ ಜರುಗಿದಾಗ ವೃದ್ಧ ಕುಕ್ ಅಲ್ಲಿರಲಿಲ್ಲ. 1892ರ ಜುಲೈ 18ರಂದು ಲೆಸ್ಟರ್ ನಗರದ ತನ್ನ ಮನೆಯಲ್ಲಿ ಅವನು ಕೊನೆಯುಸಿರೆಳೆದನು.

ಅವನು ಸ್ಥಾಪಿಸಿದ ಸಂಸ್ಥೆ ಕಾಲಾಂತರದಲ್ಲಿ ಹಲವು ಕೈಗಳಿಗೆ ಸಾಗಿ, ಸಾಲದ ಹೊರೆಯಿಂದ 2019ರಲ್ಲಿ ಬ್ರಿಟನ್ನಿನಲ್ಲಿ ಮುಚ್ಚಿಹೋಯಿತು. ಆದರೆ ಅವನು ಹಾಕಿಕೊಟ್ಟ ಪದ್ಧತಿ ಅಳಿಯಲಿಲ್ಲ. ಲೆಸ್ಟರ್ ರೈಲು ನಿಲ್ದಾಣದ ಹೊರಗೆ ಇಂದು ಕುಕ್‌ನ ಪ್ರತಿಮೆಯೊಂದು ನಿಂತಿದೆ. ಪಕ್ಕದಲ್ಲಿ ಪೆಟ್ಟಿಗೆ, ಕೈಯಲ್ಲಿ ಗಡಿಯಾರ. ತನ್ನ ತಂಡದವರೆಲ್ಲ ಬಂದು ಸೇರಿದರೇ ಎಂದು ಅವನು ಹೊತ್ತು ನೋಡುತ್ತಿರುವಂತೆ ಅದು ತೋರುತ್ತದೆ. ವಾರಕ್ಕೆ ಅರ್ಧ ಷಿಲ್ಲಿಂಗ್ ದುಡಿಯುತ್ತಿದ್ದ ಬಾಲಕನೊಬ್ಬ ಬೆಳೆದು, ತನ್ನಂಥವರ ಎರಡು ವಾರಗಳ ಕೂಲಿಗೆ ಸಮನಾದ ಒಂದು ಷಿಲ್ಲಿಂಗಿಗೆ ಒಂದು ಹಗಲಿನ ಪ್ರವಾಸವನ್ನು ಅಂದು ಒದಗಿಸಿದನು. ತಾನು ನಡೆದು ಸವೆಸಿದ ದಾರಿಯನ್ನು ಇತರರಿಗೆ ಹಗುರ ಮಾಡಿಕೊಟ್ಟುದೇ ಅವನ ಬಾಳಿನ ಸಾರ್ಥಕತೆ.